ಹಳೇ ಮೂವಿಂಗ್ ಲೈಟುಗಳನ್ನು ಗುಜರಿಗೆ ಹಾಕುವ ಮೊದಲು

ಸಂಪಾದಕರಿಗೆ,

ನಮ್ಮ ಭಾಗದ ಒಂದು ರಂಗಮಂದಿರದಲ್ಲಿ ಮೂವಿಂಗ್ ಹೆಡ್ ಲೈಟುಗಳು (ಮೋಟಾರಿನಿಂದ ತಲೆ ತಿರುಗಿಸುವ ರಂಗದ ಲೈಟುಗಳು) ಕೆಟ್ಟು ಮೂಲೆ ಸೇರಿವೆ. ಅವನ್ನು ಹರಾಜು ಹಾಕಿ ಹೊಸದು ತರುವ ಮಾತು ನಡೆದಿದೆ. ಆದರೆ ಯಾರೂ ಅವನ್ನು ಬಿಚ್ಚಿ ನೋಡಿಲ್ಲ. ನಾಟಕ ಕಂಪನಿ, ಆರ್ಕೆಸ್ಟ್ರಾಗಳಿಗೆ ಬೆಳಕು ಕೊಡುತ್ತ, ಇಂಥ ಲೈಟುಗಳನ್ನು ರಿಪೇರಿ ಮಾಡುತ್ತ ಬದುಕುತ್ತಿರುವವನು ನಾನು. ಬನಶಂಕರಿ ಜಾತ್ರೆಯ ಧೂಳು ಕುಡಿದ ಶಾರ್ಪಿ ಎಂಬ ಮೂವಿಂಗ್ ಲೈಟುಗಳೇ ಮತ್ತೆ ಎದ್ದು ಕೆಲಸ ಮಾಡುತ್ತವೆ. ನೆರಳಲ್ಲಿದ್ದ ಲೈಟು ಯಾಕೆ ಗುಜರಿಗೆ ಹೋಗಬೇಕು?

ಕರೆಂಟ್ ಕೊಟ್ಟ ಕೂಡಲೇ ಈ ಲೈಟು ರಿಸೆಟ್ ಆಗುತ್ತದೆ. ತಲೆ ಅತ್ತಿತ್ತ, ಮೇಲೆ ಕೆಳಗೆ ಆಡುತ್ತದೆ. ಬಣ್ಣದ ಚಕ್ರ, ಬೆಳಕಿನಲ್ಲಿ ಚಿತ್ತಾರ ಮೂಡಿಸುವ ಗೋಬೊ ಚಕ್ರ ತಿರುಗಿ ತಮ್ಮ ಮೊದಲ ಜಾಗಕ್ಕೆ ಬಂದು ನಿಲ್ಲುತ್ತವೆ. ಬಹಳಷ್ಟು ಲೈಟುಗಳಲ್ಲಿ ಆ ಜಾಗ ತಿಳಿಯುವುದು ಚಕ್ರಕ್ಕೆ ಅಂಟಿಸಿದ ಒಂದು ಸಣ್ಣ ಮ್ಯಾಗ್ನೆಟ್ ಮತ್ತು ಆ ಮ್ಯಾಗ್ನೆಟ್ ಎದುರು ಬಂದುದನ್ನು ಗುರುತಿಸುವ ಹಾಲ್ ಸೆನ್ಸರ್‌ನಿಂದ. ಬಿಸಿಗೆ ಅಂಟು ಬಿಟ್ಟು ಮ್ಯಾಗ್ನೆಟ್ ಬಿದ್ದುಹೋದರೆ ಚಕ್ರ ತನ್ನ ಜಾಗ ಹುಡುಕುತ್ತ ಸುಮ್ನೆ ತಿರುಗುತ್ತದೆ, ಡಿಸ್‌ಪ್ಲೇಯಲ್ಲಿ ಎರರ್ ಬರುತ್ತದೆ. ನೋಡಿದವರು 'ಬೋರ್ಡ್ ಹೋಗಿದೆ' ಎಂದುಬಿಡುತ್ತಾರೆ. ಎಷ್ಟೋ ಸಲ ಆ ಮ್ಯಾಗ್ನೆಟ್ ಒಳಗೇ ಯಾವುದೋ ಮೋಟಾರಿಗೆ ಕಚ್ಚಿಕೊಂಡಿರುತ್ತದೆ. ಉತ್ತರ, ದಕ್ಷಿಣ ಮುಖ ಅದಲು ಬದಲಾಗದಂತೆ ನೋಡಿ ಮತ್ತೆ ಅಂಟಿಸಿದರೆ ಲೈಟು ಎದ್ದು ನಿಲ್ಲುತ್ತದೆ.

ತಲೆ ಒಂದು ಕಡೆ ತಿರುಗಿದಾಗ ಸರಿ ಇದ್ದು ಇನ್ನೊಂದು ಕಡೆ ಆಫ್ ಆದರೆ, ತೋಳಿನೊಳಗೆ ಮಡಚಿ ಮಡಚಿ ಸವೆದ ವೈರನ್ನು ಮೊದಲು ನೋಡಬೇಕು. ಮೋಟಾರು ಅಲುಗಾಡದಿದ್ದರೆ, ಕರೆಂಟ್ ತೆಗೆದು, ಅದೇ ಬಗೆಯ ಪಕ್ಕದ ಮೋಟಾರಿನ ಜೊತೆ ಕನೆಕ್ಟರ್ ಬದಲಿಸಿ ನೋಡಿ. ಆಗಲೂ ಅದೇ ಮೋಟಾರು ಸುಮ್ಮನಿದ್ದರೆ ತಪ್ಪು ಮೋಟಾರಿನದು. ಅದು ಓಡಿ ಪಕ್ಕದ್ದು ನಿಂತರೆ ತಪ್ಪು ಮೋಟಾರನ್ನು ಓಡಿಸುವ ಚಿಪ್, ಅಂದರೆ ಡ್ರೈವರ್ ಐಸಿಯದು. ಇಡೀ ಬೋರ್ಡು ಬದಲಿಸುವ ಬದಲು ಆ ಒಂದು ಐಸಿ ಸಾಕಾಗಬಹುದು.

ನಾಟಕದ ನಡುವೆ ಲೈಟು ಆರುವ ದೂರಂತೂ ಜಾಸ್ತಿ. ಸ್ಮೋಕ್ ಮಷೀನಿನ ಜಿಡ್ಡು, ಧೂಳು ಸೇರಿ ಫ್ಯಾನು ನಿಧಾನವಾಗುತ್ತದೆ. ಒಳಗೆ ಕಾವು ಏರಿ ಥರ್ಮಲ್ ಸ್ವಿಚ್ ಲ್ಯಾಂಪನ್ನು ಆರಿಸುತ್ತದೆ. ಅದು ಲೈಟನ್ನು ಉಳಿಸುವ ಏರ್ಪಾಡು. ಆದರೆ ನಮ್ಮವರು ಗಾಬರಿಯಾಗಿ ಮತ್ತೆ ಮತ್ತೆ ಸ್ವಿಚ್ ಒತ್ತುತ್ತಾರೆ. ಇವುಗಳೊಳಗಿನ ಡಿಸ್ಚಾರ್ಜ್ ಲ್ಯಾಂಪು (ಗ್ಯಾಸಿನಲ್ಲಿ ಕಿಡಿ ಹೊತ್ತಿ ಉರಿಯುವ ದೀಪ) ತಣ್ಣಗಾಗದೆ ಹೊತ್ತುವುದಿಲ್ಲ. ಹಾಗೆ ಒತ್ತಿ ಒತ್ತಿ ಲ್ಯಾಂಪು ಹೊತ್ತಿಸುವ ಇಗ್ನೈಟರನ್ನೂ ಕೆಡಿಸುತ್ತಾರೆ.

ಇನ್ನು ಕೆಲವು ಸಲ ಲೈಟಿನಲ್ಲಿ ದೋಷವೇ ಇರುವುದಿಲ್ಲ. ತಾನೇ ತಾನಾಗಿ ಕುಣಿಯುವ ಲೈಟು ಬಂದರೆ ನಾನು ಮೊದಲು ಕೇಬಲ್ ಕೇಳುತ್ತೇನೆ. ಕೇಬಲ್ ಮೂಲಕ ಲೈಟುಗಳಿಗೆ ಆದೇಶ ಕಳಿಸಲು 1986ರಲ್ಲಿ ಬಂದ ಡಿಎಂಎಕ್ಸ್ 512 ಪದ್ಧತಿಯೇ ಇಂದಿಗೂ ಓಡುತ್ತಿದೆ. ಅದಕ್ಕೆ ಅದರದೇ ಕೇಬಲ್ ಬೇಕು, ಮೈಕ್ ಕೇಬಲ್ ಅಲ್ಲ. ಸಾಲಿನ ಕೊನೆಯ ಲೈಟಿನಲ್ಲಿ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಇರಬೇಕು. ಕೆಲವೇ ರೂಪಾಯಿಯ ಸಾಮಾನು. ಅದಿಲ್ಲದ್ದಕ್ಕೆ ಲಕ್ಷ ಬೆಲೆಯ ಲೈಟಿಗೆ ಕೆಟ್ಟ ಹೆಸರು!

ಎಲ್ಲವೂ ರಿಪೇರಿಯಾಗುತ್ತವೆ ಎಂದು ನಾನು ಹೇಳುತ್ತಿಲ್ಲ. ಮೇನ್ ಬೋರ್ಡ್ ಸುಟ್ಟು, ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದ್ದರೆ ಕಷ್ಟ. ಆದರೆ ಅಂಥ ಲೈಟಿನ ಬೆಲ್ಟು, ಫ್ಯಾನು, ಮೋಟಾರು, ಲೆನ್ಸುಗಳಿಂದಲೇ ಅದರ ಜೊತೆಯವನ್ನು ಉಳಿಸಬಹುದು. ಎಲ್ಲವನ್ನೂ ಒಟ್ಟಿಗೆ ಹರಾಜಿಗೆ ಕೊಟ್ಟರೆ ಬಿಡಿಭಾಗಗಳೂ ಹೋದವು, ಅಲ್ವಾ?

ಲೈಟುಗಳು ಹೀಗೆ ಮೂಲೆ ಸೇರಿದ್ದರ ಹೊರೆ ಬೀಳುವುದು ಹವ್ಯಾಸಿ ತಂಡಗಳ ಮೇಲೆ. ರಂಗಮಂದಿರಕ್ಕೂ ಬಾಡಿಗೆ ಕಟ್ಟಿ, ಹೊರಗಿಂದ ಲೈಟಿಗೂ ಬಾಡಿಗೆ ಕೊಟ್ಟು ಒಂದು ಪ್ರದರ್ಶನ ಮಾಡುವಷ್ಟರಲ್ಲಿ ಅವರ ಕೈ ಖಾಲಿಯಾಗಿರುತ್ತದೆ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಹರಾಜಿಗೆ ಮುನ್ನ ಕೆಲಸ ಬಲ್ಲವರಿಂದ ಒಂದೊಂದು ಲೈಟನ್ನೂ ಬಿಚ್ಚಿಸಿ, ಯಾವುದಕ್ಕೆ ಏನಾಗಿದೆ ಎಂದು ಬರೆಸಿ. ಬಿಸಿ ಲ್ಯಾಂಪು ಸಿಡಿಯಬಹುದು, ಅದರ ಬೆಳಕು ಕಣ್ಣಿಗೂ ಅಪಾಯ. ಹಾಗಾಗಿ ಅನುಭವ ಇಲ್ಲದವರ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ. ಐಟಿಐನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿದರೆ ಅವರೂ ಕಲಿಯುತ್ತಾರೆ. ಹೊಸ ಲೈಟು ಕೊಳ್ಳಲೇಬೇಕಾದರೆ ಟೆಂಡರಿನಲ್ಲೇ ಬೆಲ್ಟು, ಫ್ಯಾನು, ಸೆನ್ಸರು ಮತ್ತು ಸರ್ವಿಸ್ ಮ್ಯಾನ್ಯುಯಲ್ ಕೇಳಿ. ಮಳೆಗಾಲದಲ್ಲಿ ಕಾರ್ಯಕ್ರಮಗಳು ಕಡಿಮೆ ಇರುತ್ತವೆ. ಈ ಕೆಲಸವನ್ನು ಆಗಲೇ ಮುಗಿಸಬಹುದು.

– ರಂಗದ ಬೆಳಕಿನ ಕೆಲಸಗಾರ, ಗದಗ