ಬುಧವಾರ ದಡಾರ ಲಸಿಕೆ: ಶಿಬಿರದ ಸ್ವಯಂಸೇವಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ನಾಡಿದ್ದು ಬುಧವಾರ ಬೆಳಿಗ್ಗೆ 8 ಗಂಟೆಯಿಂದ ನಮ್ಮ ನಿರಾಶ್ರಿತರ ಶಿಬಿರದಲ್ಲಿ ದಡಾರ ಲಸಿಕೆ ಹಾಕುತ್ತೇವೆ. 6 ತಿಂಗಳಿನಿಂದ 15 ವರ್ಷದವರೆಗಿನ ಎಲ್ಲ ಮಕ್ಕಳೂ ಬರಬೇಕು. ಲಸಿಕೆ ಕಾರ್ಡ್ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸಬೇಡಿ. ಬಾಂಬ್ ಬೀಳುವಾಗ ಮಗುವನ್ನು ಎತ್ತಿಕೊಂಡು ಓಡಿಬಂದವರು ಕಾರ್ಡ್ ಎಲ್ಲಿಂದ ತರುತ್ತಾರೆ? ಹಿಂದೆ ಹಾಕಿಸಿದ್ದರೂ ಇನ್ನೊಂದು ಡೋಸ್‌ನಿಂದ ತೊಂದರೆ ಇಲ್ಲ. ಆದರೆ 9 ತಿಂಗಳೊಳಗಿನ ಕೂಸುಗಳಿಗೆ ಮುಂದೆ ಮತ್ತೆ ಹಾಕಿಸಲೇಬೇಕು, ಅದನ್ನು ತಾಯಿಗೆ ಬರೆದುಕೊಡಿ.

ನಾಳೆ ಸಂಜೆಯೊಳಗೆ ನಿಮ್ಮ ನಿಮ್ಮ ಸಾಲಿನ ಟೆಂಟುಗಳಿಗೆ ಹೋಗಿ ಮಕ್ಕಳ ತಲೆ ಎಣಿಸಿ. ತೋಳಿನ ಸುತ್ತಳತೆ ಅಳೆಯುವ ಪಟ್ಟಿಯನ್ನೂ ಒಯ್ಯಿರಿ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ (ಅದು ತೀವ್ರ ಅಪೌಷ್ಟಿಕತೆಯ ಗುರುತು) ಬುಧವಾರದವರೆಗೆ ಕಾಯಬೇಡಿ, ಆಗಲೇ ಕ್ಲಿನಿಕ್‌ಗೆ ಕರೆತನ್ನಿ. ಲಸಿಕೆಯ ಪೆಟ್ಟಿಗೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಪದೇಪದೇ ಮುಚ್ಚಳ ತೆಗೆಯಬೇಡಿ.

ಇನ್ನೊಂದು ಮಾತು. ನಿನ್ನೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಖಾಲಿ ಮಾತ್ರೆಯ ಹಾಳೆ ತೋರಿಸಿದರು. ಬಿಪಿ ಮಾತ್ರೆ ಮುಗಿದು ಹನ್ನೊಂದು ದಿನವಾಗಿತ್ತಂತೆ, ಯಾರೂ ಕೇಳಿರಲಿಲ್ಲ. ಗಾಯಾಳುಗಳ ನಡುವೆ ಇಂಥವರು ನಮ್ಮ ಕಣ್ತಪ್ಪುತ್ತಿದ್ದಾರೆ. ಸಕ್ಕರೆ ಕಾಯಿಲೆ, ಬಿಪಿ, ಮೂರ್ಛೆರೋಗ ಇರುವವರನ್ನೂ ದಿನ ತುಂಬಿದ ಗರ್ಭಿಣಿಯರನ್ನೂ ದಯವಿಟ್ಟು ಕೇಳಿ ಬರೆದುಕೊಳ್ಳಿ. ರೋಗಿಗಳ ಹೆಸರು, ಫೋಟೋ ಮಾತ್ರ ಈ ಗುಂಪಿಗೆ ಹಾಕಬೇಡಿ, ಪಟ್ಟಿಯನ್ನು ನೇರವಾಗಿ ನರ್ಸ್ ಕೈಗೆ ಕೊಡಿ.

ಯಾರು ಯಾವ ಸಾಲಿಗೆ ಹೋಗುತ್ತೀರಿ ಅಂತ ಇವತ್ತು ರಾತ್ರಿ 9ರೊಳಗೆ ಇಲ್ಲಿ ತಿಳಿಸಿ.