ವಾದಿ ಮೂಸಾದಿಂದ, ಕಾಲುನೋವಿನ ಸಮೇತ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರ,

ಫೋನಲ್ಲಿ ಇಷ್ಟೆಲ್ಲಾ ಹೇಳಕ್ಕಾಗಲ್ಲ, ನಾನು ಮಾತಾಡ್ತಿದ್ರೆ ಅಪ್ಪ ಸ್ಪೀಕರ್ ಹಾಕ್ಬಿಟ್ಟು ಪೇಪರ್ ಓದ್ತಾ ಕೂತ್ಕೋತಾರೆ, ಅದಕ್ಕೇ ಬರೀತಿದೀನಿ. ಅಮ್ಮ ನೀನೇ ಜೋರಾಗಿ ಓದಿ ಹೇಳು, ಯಾಕಂದ್ರೆ ಇದರಲ್ಲಿ ಮುಕ್ಕಾಲು ಭಾಗ ಅಪ್ಪಂಗೇ ಇರೋದು.

ಈಗ ಜೋರ್ಡಾನ್‌ನ ವಾದಿ ಮೂಸಾ ಅನ್ನೋ ಊರಲ್ಲಿದೀವಿ, ಬಂಡೇಲಿ ಕೆತ್ತಿದ ಹಳೇ ಊರು ಪೆಟ್ರಾ ನೋಡೋಕೆ ಬರೋರೆಲ್ಲ ಉಳ್ಕೊಳ್ಳೋದು ಇಲ್ಲೇ. ಟೂರ್ ಬಗ್ಗೆ ಏನು ಹೇಳ್ಲಿ, ಬೆಳಗ್ಗೆ ಆರಕ್ಕೆ ಬ್ಯಾಗ್ ರೂಮಿಂದ ಆಚೆ ಇರ್ಬೇಕು, ಆರೂವರೆಗೆ ತಿಂಡಿ, ಏಳಕ್ಕೆ ಬಸ್ಸು, ಗೈಡ್ ಕೈಯಲ್ಲೊಂದು ಹಳದಿ ಬಾವುಟ ಹಿಡ್ಕೊಂಡು ಸರಸರ ಅಂತ ನಡೀತಾನೆ ಹಿಂದೆ ನಾವು ಓಡ್ತೀವಿ, ಫೋಟೋ ತೆಗಿಯೋಣ ಅಂತ ನಿಂತ್ರೆ ಬಾವುಟ ಮಾಯ. ಮನುಷ್ಯ ಒಳ್ಳೆಯವ್ನು, ತುಂಬಾ ಓದ್ಕೊಂಡಿದಾನೆ, ಆದ್ರೆ ಅವನಿಗೂ ಮೇಲಿನವರು ಕೊಟ್ಟ ಟೈಮ್‌ಟೇಬಲ್ ಇದೆ ಪಾಪ.

ಜೆರಾಶ್‌ನಲ್ಲಿ ರೋಮನ್ನರ ಕಾಲದ ಊರು ನೋಡಿದ್ವಿ, ಮೊಟ್ಟೆ ಆಕಾರದ ದೊಡ್ಡ ಬಯಲು, ಸುತ್ತ ಕಂಬಗಳ ಸಾಲು. ಆರ್ಟೆಮಿಸ್ ಅನ್ನೋ ಗ್ರೀಕ್ ದೇವತೆಯ ದೇವಸ್ಥಾನದ ಕಂಬದ ಬುಡದ ಸಂದಿಗೆ ಗೈಡ್ ಒಂದು ಚಮಚ ತೂರಿಸಿ "ನೋಡ್ತಿರಿ" ಅಂದ, ಗಾಳಿಗೆ ಚಮಚ ನಿಧಾನಕ್ಕೆ ಮೇಲೆ ಕೆಳಗೆ ಆಡ್ತಿತ್ತು ಅಪ್ಪ! ಅಂದ್ರೆ ಅಷ್ಟು ದೊಡ್ಡ ಕಂಬ ಅಲ್ಲಾಡ್ತಿದೆ ಅಂತ. ಕ್ರಿ.ಶ. 749ರಲ್ಲಿ ಭಾರೀ ಭೂಕಂಪ ಆಗಿ ಊರು ಹಾಳಾಯ್ತು, ಆದ್ರೂ ಆ ಗುಡಿಯ ಮುಂದಿನ ಹನ್ನೆರಡು ಕಂಬದಲ್ಲಿ ಹನ್ನೊಂದು ಇನ್ನೂ ನಿಂತಿವೆ.

ಮೃತ ಸಮುದ್ರಕ್ಕೂ ಹೋದ್ವಿ, ಸಮುದ್ರಮಟ್ಟಕ್ಕಿಂತ 430 ಮೀಟರ್‌ಗೂ ಹೆಚ್ಚು ಕೆಳಗೆ. ಅಮ್ಮ, ಈಜು ಬರದೇ ಇದ್ರೂ ನೀನು ಅಲ್ಲಿ ತೇಲ್ತೀಯ, ಮುಳುಗ್ತೀನಿ ಅಂದ್ರೂ ಆಗಲ್ಲ, ಆದ್ರೆ ಕಣ್ಣಿಗೆ ಒಂದು ಹನಿ ಹಾರಿದ್ರೆ ಮುಗೀತು. ಜೋರ್ಡಾನ್ ನದಿ ನೀರೆಲ್ಲ ಮೇಲೇ ತಿರುಗಿಸ್ಕೊಂಡಿದಾರೆ, ಉಪ್ಪು ಖನಿಜ ತೆಗಿಯೋಕೂ ನೀರು ಎತ್ತಿ ಒಣಗಿಸ್ತಾರೆ, ಅದಕ್ಕೇ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಇಳೀತಿದೆಯಂತೆ. ಹಳೇ ದಡದ ಗುರುತು ಎಲ್ಲೋ ಮೇಲಿದೆ, ನೀರು ಎಲ್ಲೋ ಕೆಳಗಿದೆ.

ಈಗ ಪೆಟ್ರಾಗೆ ಬರ್ತೀನಿ. ಗೇಟಿಂದ ಸ್ವಲ್ಪ ದೂರ ನಡೆದ್ರೆ ಸೀಕ್ ಅಂತ ಬಂಡೆ ಸೀಳಿದ ದಾರಿ, 1.2 ಕಿಲೋಮೀಟರ್ ಉದ್ದ, ಕೆಲವು ಕಡೆ ಅಗಲ ಮೂರೇ ಮೀಟರ್, ತಲೆ ಎತ್ತಿದ್ರೆ ಆಕಾಶ ಒಂದು ಪಟ್ಟಿ ಥರ ಕಾಣುತ್ತೆ. ಎಲ್ರೂ ಕೊನೇಲಿ ಬರೋ ಖಜ್ನೆ (ಬಂಡೇಲಿ ಕೆತ್ತಿದ ದೊಡ್ಡ ಕಟ್ಟಡ) ನೋಡೋ ಆತುರದಲ್ಲಿ ಓಡ್ತಿದ್ರು, ನಾನು ಗೋಡೆ ನೋಡ್ತಾ ಹಿಂದೆ ಉಳ್ಕೊಂಡೆ. ಯಾಕಂದ್ರೆ ಎರಡೂ ಕಡೆ ಗೋಡೇಲಿ ಕಾಲುವೆ ಇದೆ ಅಪ್ಪ! ಒಂದು ಕಡೆ ಬಂಡೇಲೇ ಕೊರೆದ ಕಾಲುವೆ, ಇನ್ನೊಂದು ಕಡೆ ಸುಟ್ಟ ಮಣ್ಣಿನ ಪೈಪ್ ಕೂರಿಸಿದ ಜಾಗ, ಪೈಪಿನ ತುಂಡುಗಳು ಇನ್ನೂ ಅಲ್ಲಲ್ಲೇ ಇವೆ. ಊರಾಚೆ ಐನ್ ಮೂಸಾ ಅನ್ನೋ ಚಿಲುಮೆಯಿಂದ ನೀರು ತರ್ತಿದ್ರು, ನಡುವೆ ಹೂಳು ಕೂರೋಕೆ ಸಣ್ಣ ಸಣ್ಣ ತೊಟ್ಟಿ ಬೇರೆ. ಮಳೆ ನೋಡಿದ್ರೆ ವರ್ಷಕ್ಕೆ 150 ಮಿಲಿಮೀಟರ್ ಆಸುಪಾಸು ಅಷ್ಟೇ. ಅಂಥಾ ಜಾಗದಲ್ಲಿ ನಬಾತಿಯನ್ನರು, ಧೂಪ ಸಾಂಬಾರ ಪದಾರ್ಥ ಒಂಟೆ ಮೇಲೆ ಹೇರ್ಕೊಂಡು ವ್ಯಾಪಾರ ಮಾಡ್ತಿದ್ದ ಜನ, ಒಂದು ರಾಜಧಾನೀನೇ ಕಟ್ಟಿ ನಿಲ್ಲಿಸಿದ್ರು, ಕ್ರಿ.ಶ. 106ರಲ್ಲಿ ರೋಮನ್ನರು ಬಂದು ತಗೊಳ್ಳೋವರೆಗೂ ಅವರದ್ದೇ.

ಇನ್ನೊಂದು ಕೇಳಿ. ಮಳೆ ಬಂದ್ರೆ ಇದೇ ಸೀಕ್‌ಗೆ ಒಮ್ಮೆಲೇ ಪ್ರವಾಹ ನುಗ್ಗುತ್ತೆ, ಅದಕ್ಕೆ ಬಾಯಲ್ಲೇ ಅಡ್ಡಗಟ್ಟೆ ಕಟ್ಟಿ, ಪಕ್ಕದ ಬೆಟ್ಟಕ್ಕೆ ಸುಮಾರು 90 ಮೀಟರ್ ಸುರಂಗ ಕೊರೆದು ನೀರನ್ನ ಬೇರೆ ಕಣಿವೆಗೆ ತಿರುಗಿಸಿದ್ರು, ಎರಡು ಸಾವಿರ ವರ್ಷದ ಹಿಂದೆ! ಆಮೇಲೆ ಆ ಕಟ್ಟೆ ಹಾಳಾಗಿ, 1963ರಲ್ಲಿ ಪ್ರವಾಹ ಬಂದು ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸತ್ತೋದ್ರು, ಮುಂದಿನ ವರ್ಷವೇ ಕಟ್ಟೆ ಮತ್ತೆ ಕಟ್ಟಿದ್ರಂತೆ, ಅದೇ ಹಳೇ ಜಾಗದಲ್ಲಿ. ಹೇಮಾವತಿ ಕಾಲುವೆ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡ್ಕೊಂಡೋರು ನೀವು, ನೀವಿದ್ದಿದ್ರೆ ಖಜ್ನೆ ಕಡೆ ತಿರುಗೀನೂ ನೋಡ್ತಿರಲಿಲ್ಲ. ಗೈಡ್ ಇದಕ್ಕೆ ಕೊಟ್ಟಿದ್ದು ಎರಡು ನಿಮಿಷ, ನಂಗೆ ಅದೇ ಸಿಟ್ಟು.

ಖಜ್ನೆನೂ ಚೆನ್ನಾಗಿದೆ, ಇಲ್ಲ ಅನ್ನಲ್ಲ, 40 ಮೀಟರ್ ಎತ್ತರ, ಮೇಲಿಂದ ಕೆಳಗೆ ಕೆತ್ಕೊಂಡು ಬಂದಿದಾರೆ, ಕಾಲಿಡೋಕೆ ಮಾಡಿದ ಗೂಡುಗಳ ಸಾಲು ಪಕ್ಕದಲ್ಲಿ ಇನ್ನೂ ಕಾಣುತ್ತೆ. ಮೇಲಿರೋ ಕಲ್ಲಿನ ಹೂಜಿ ಒಳಗೆ ನಿಧಿ ಇದೆ ಅಂತ ಗುಂಡು ಹೊಡೆದ ಗುರುತೂ ಇದೆ, ಅದು ಗಟ್ಟಿ ಕಲ್ಲು! ಕೆಂಪು ಮರಳುಗಲ್ಲು ನೋಡಿ ನಂಗೆ ಬಾದಾಮಿ ನೆನಪಾಯ್ತು, ಆದ್ರೆ ಬಾದಾಮೀಲಿ ಒಳಗೆ ಹೋದಷ್ಟೂ ಕೆತ್ತನೆ, ಇಲ್ಲಿ ಶೋ ಎಲ್ಲಾ ಹೊರಗೇ, ಒಳಗೆ ಖಾಲಿ ಕೋಣೆ, ಬಿಡೋದೂ ಇಲ್ಲ. ನನ್ನ ಓಟು ಬಾದಾಮಿಗೇ.

ಆಮೇಲೆ ಶುರುವಾಯ್ತು ನಿಜವಾದ ಪರೀಕ್ಷೆ. ಅದ್ ದೇರ್ ಅನ್ನೋ ಇನ್ನೊಂದು ಕಟ್ಟಡಕ್ಕೆ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ, ಸವೆದು ಜಾರುತ್ತೆ, ಪಕ್ಕದಲ್ಲಿ ಕತ್ತೆಗಳು ಜನಾನ ಹೊತ್ಕೊಂಡು ಏದುಸಿರು ಬಿಡ್ತಾ ಹತ್ತುತ್ವೆ (ನಾನು ಕತ್ತೆ ಹತ್ತಲಿಲ್ಲ, ಅದರ ಮುಖ ನೋಡಿ ಮನಸ್ಸಾಗಲಿಲ್ಲ). ನಮ್ಮ ಗುಂಪಲ್ಲಿ ನಿಮ್ಮ ವಯಸ್ಸಿನ ದಂಪತಿ ಅರ್ಧಕ್ಕೇ ಕೂತ್ಬಿಟ್ರು. ಮೇಲೆ ಹೋದ್ರೆ ಖಜ್ನೆಗಿಂತ ದೊಡ್ಡದು, ಜನಾನೂ ಕಮ್ಮಿ, ಎದುರಿಗೆ ಬೆದೂಯಿನ್ ಹುಡುಗ ಮರಮಿಯಾ ಎಲೆ ಹಾಕಿದ ಚಹಾ ಕೊಟ್ಟ. ಅದನ್ನ ಪೂರ್ತಿ ಕುಡಿಯೋಕೂ ಬಿಡದೆ "ಇಳೀರಿ ಇಳೀರಿ" ಅಂತ ಕೂಗು.

ಸಿಟ್ಟು ಬರೋ ಮುಖ್ಯ ವಿಷಯ ಇದು: ಇಲ್ಲಿ ಉಳಿಯೋರಿಗೆ ಪೆಟ್ರಾ ಟಿಕೆಟ್ ಒಂದು ದಿನಕ್ಕೆ 50 ದಿನಾರ್, ಎರಡು ದಿನಕ್ಕೆ 55. ಐದೇ ದಿನಾರ್ ಜಾಸ್ತಿ! ಅಷ್ಟು ದೂರದಿಂದ ಬಂದೋರನ್ನ ಐದು ದಿನಾರ್ ಉಳಿಸೋಕೆ ಒಂದೇ ದಿನದಲ್ಲಿ ಓಡಿಸ್ತಾರೆ. ಅದಕ್ಕೇ ನೀವು ಬರೋದಾದ್ರೆ ಗ್ರೂಪ್ ಟೂರ್ ಖಂಡಿತ ಬೇಡ, ಡ್ರೈವರ್ ಇರೋ ಕಾರು ಮಾಡ್ಕೊಂಡು ನಾನೇ ಕರ್ಕೊಂಡು ಬರ್ತೀನಿ. ಅಮ್ಮನ ಮಂಡಿಗೆ ಖಜ್ನೆವರೆಗೂ ಎಲೆಕ್ಟ್ರಿಕ್ ಗಾಡಿ ಇದೆ, ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ. ಮೊದಲನೇ ದಿನ ಅಪ್ಪ ಕಾಲುವೆ ನೋಡ್ಲಿ, ಎರಡನೇ ದಿನ ಮಿಕ್ಕಿದ್ದು. ವೀಸಾಗೆ ಮುಂಚೇನೇ ಜೋರ್ಡಾನ್ ಪಾಸ್ ಅನ್ನೋ ಪ್ರವಾಸಿ ಟಿಕೆಟ್ ತಗೊಂಡು ಕನಿಷ್ಠ ಮೂರು ರಾತ್ರಿ ಇದ್ರೆ ವೀಸಾ ಫೀಸ್ 40 ದಿನಾರ್ ಉಳಿಯುತ್ತೆ, ಪೆಟ್ರಾನೂ ಅದರಲ್ಲೇ ಬರುತ್ತೆ.

ಊಟದ್ದು ಕೇಳ್ತೀಯ ಅಂತ ಗೊತ್ತು ಅಮ್ಮ. ಹಮ್ಮಸ್, ಫಲಾಫಲ್, ಅಕ್ಕಿ ಜೊತೆ ಮಸೂರ್ ಬೇಳೆ ಬೇಯಿಸಿ ಹುರಿದ ಈರುಳ್ಳಿ ಹಾಕಿದ ಮುಜದ್ದರ, ಹೊಟ್ಟೆ ತುಂಬುತ್ತೆ. ನೀನು ಕೊಟ್ಟ ಚಟ್ನಿಪುಡಿ ಖಾಲಿ, ಬಸ್ಸಲ್ಲೆಲ್ಲ ಹಂಚಾಯ್ತು.

ನಾಳೆ ವಾದಿ ರಮ್ ಮರಳುಗಾಡು, ಜೀಪಲ್ಲಿ ಸುತ್ತಿ ರಾತ್ರಿ ಟೆಂಟಲ್ಲಿ ಉಳಿಯೋದು, ಸಿಗ್ನಲ್ ಸಿಗೋದು ಡೌಟು. ಫೋನ್ ಹೋಗ್ಲಿಲ್ಲ ಅಂತ ಗಾಬರಿ ಆಗಿ ಚಿಕ್ಕಪ್ಪಂಗೆಲ್ಲ ಹೇಳ್ಬೇಡ. ಅಪ್ಪ, ನಿಮ್ಮ ಪಾಸ್‌ಪೋರ್ಟ್ ಎಕ್ಸ್‌ಪೈರಿ ಯಾವಾಗ ಅಂತ ಬೀರುವಿಂದ ತೆಗ್ದು ನೋಡಿಡಿ, ಆರು ತಿಂಗಳಾದ್ರೂ ಉಳಿದಿರ್ಬೇಕು.

ನಿಮ್ಮ ಮಗಳು