ಬಾಗಿಲ ಬಳಿ ಕುಳಿತವರಿಗೆ

ಈ ವಾರ ಮಗಳು ನಾಲ್ಕನೆಯ ತರಗತಿ ಮುಗಿಸಿದಳು. ಬಹುಮಾನ ಸಮಾರಂಭದ ಕೊನೆಯಲ್ಲಿ ಪೋಷಕರೆಲ್ಲ ಒಬ್ಬೊಬ್ಬರಾಗಿ ಶಿಕ್ಷಕಿಯ ಬಳಿ ಹೋಗಿ ಎರಡು ಮಾತನಾಡಿ ಬರುತ್ತಿದ್ದರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ಮೈಸೂರು ಪಾಕಿನ ಡಬ್ಬಿಯನ್ನು ಅವರ ಕೈಯಲ್ಲಿಟ್ಟು ಹಿಂದಿರುಗಿದೆ. ಅಲ್ಲಿ ಆಡಲಾಗದ ಮಾತನ್ನು ಇಲ್ಲಿ, ನನ್ನ ಭಾಷೆಯಲ್ಲಿ, ನನ್ನವರ ಎದುರು ಆಡುತ್ತಿದ್ದೇನೆ.

ನಾವಿರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಊರಿನಲ್ಲಿ ಲಾಕ್‌ಡೌನ್ ಎಂದರೆ ಕೋವಿಡ್ ನೆನಪಾಗುತ್ತದೆ. ಇಲ್ಲಿ ಐದು ವರ್ಷದ ಮಗುವಿಗೂ ಆ ಪದದ ಅರ್ಥ ಬೇರೆ. ಬಂದೂಕುಧಾರಿ ಬಂದರೆ ಬಾಗಿಲಿಗೆ ಬೀಗ, ದೀಪ ಬಂದ್, ಯಾರ ಕಣ್ಣಿಗೂ ಬೀಳದ ಮೂಲೆ. ಇಲ್ಲಿನ ಎಷ್ಟೋ ಶಾಲೆಗಳು ಕಲಿಸುವ ಈ ಮೂರು ಸೂತ್ರಗಳನ್ನು ರೂಪಿಸಿದ್ದು, 2006ರಲ್ಲಿ ಕೊಲರಾಡೊದ ಶಾಲೆಯೊಂದರಲ್ಲಿ ಮಗಳನ್ನು ಕಳೆದುಕೊಂಡ ತಂದೆ ತಾಯಿ ಕಟ್ಟಿದ ಸಂಸ್ಥೆ. ತಾಲೀಮಿನ ದಿನ ಮಗಳು ಮನೆಗೆ ಬಂದು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ನಾನು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಮಾರ್ಚಿನ ಒಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು. ಇದು ತಾಲೀಮಲ್ಲ, ಪೋಷಕರು ಶಾಲೆಯ ಕಡೆ ಬರಬೇಡಿ. ಪಕ್ಕದ ಬೀದಿಯಲ್ಲಿ ಬಂದೂಕು ಹಿಡಿದವನೊಬ್ಬ ಓಡಾಡುತ್ತಿದ್ದ. ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಸಿಕ್ಕಿಬಿದ್ದ. ಶಾಲೆಯ ಆವರಣಕ್ಕೆ ಅವನು ಕಾಲಿಡಲಿಲ್ಲ, ಯಾರಿಗೂ ಗಾಯವಾಗಲಿಲ್ಲ, ಪತ್ರಿಕೆಯಲ್ಲಿ ನಾಲ್ಕು ಸಾಲೂ ಬರಲಿಲ್ಲ. ಆದರೆ ಒಳಗೆ ಇಪ್ಪತ್ತೆರಡು ಮಕ್ಕಳ ಜೊತೆ ಕತ್ತಲಲ್ಲಿ ಕುಳಿತಿದ್ದ ಆ ಶಿಕ್ಷಕಿಗೆ ಇದಾವುದೂ ಗೊತ್ತಿರಲಿಲ್ಲ.

ಅವರು ಮಾಡಿದ್ದನ್ನೆಲ್ಲ ಮಗಳ ಬಾಯಿಂದ ತುಣುಕು ತುಣುಕಾಗಿ ಕೇಳಿದ್ದೇನೆ. ಮಕ್ಕಳನ್ನು ಬಾಗಿಲಿನಿಂದ ದೂರದ ಗೋಡೆಗೆ ಒರಗಿಸಿ ಕೂರಿಸಿದರು. ಒಂದೊಂದೇ ತಲೆ ಮುಟ್ಟಿ ಎಣಿಸಿದರು. ಹೆದರಿ ಒದ್ದೆ ಮಾಡಿಕೊಂಡ ಹುಡುಗನ ಸೊಂಟಕ್ಕೆ ತಮ್ಮ ಸ್ವೆಟರ್ ಸುತ್ತಿದರು; ಅದು ಬೇರೆ ಮಕ್ಕಳಿಗೆ ತಿಳಿದದ್ದು ಎಷ್ಟೋ ದಿನಗಳ ನಂತರ, ಅವನೇ ಹೇಳಿದಾಗ. ಇಷ್ಟೆಲ್ಲ ಮುಗಿದ ಮೇಲೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು.

"ನಮಗೆಲ್ಲ ಬಾಗಿಲಿನಿಂದ ದೂರ ಇರಿ ಅಂದರು. ಅವರೇ ಏಕೆ ಅಲ್ಲಿ ಕುಳಿತರು?" ಅಂದು ರಾತ್ರಿ ಮಲಗುವ ಮುಂಚೆ ಮಗಳು ಕೇಳಿದಳು. ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ ಯುವಾಲ್ಡಿ ಎಂಬ ಊರಿದೆ. 2022ರ ಮೇ 24ರ ಬೆಳಿಗ್ಗೆ ಅಲ್ಲಿನ ರಾಬ್ ಶಾಲೆಯಲ್ಲೂ ಬಹುಮಾನ ಸಮಾರಂಭವಿತ್ತು. ಬಂದೂಕುಧಾರಿ ನುಗ್ಗಿದ ಎರಡು ಕೋಣೆಗಳೂ ನಾಲ್ಕನೆಯ ತರಗತಿಯವೇ. 19 ಮಕ್ಕಳು ಹೋದರು. ಅವರೊಡನೆ ಇಬ್ಬರು ಶಿಕ್ಷಕಿಯರು, ಇರ್ಮಾ ಗಾರ್ಸಿಯಾ ಮತ್ತು ಈವಾ ಮಿರೆಲೆಸ್. ಸ್ಥಳಕ್ಕೆ ಬಂದ ಪೊಲೀಸರು ಮತ್ತು ಅಧಿಕಾರಿಗಳ ಸಂಖ್ಯೆ ಕೊನೆಗೆ 376ಕ್ಕೆ ಮುಟ್ಟಿತು. ಅವನನ್ನು ಎದುರಿಸಲು ಹಿಡಿದ ಸಮಯ 77 ನಿಮಿಷ. ಕನ್ನಡದಲ್ಲಿ ಕಾಯುವುದು ಎಂದರೆ ರಕ್ಷಿಸುವುದೂ ಹೌದು, ಸಮಯ ಕಳೆಯಲೆಂದು ನಿಂತಿರುವುದೂ ಹೌದು. ಆ ದಿನ ಗೋಡೆಯ ಹೊರಗಿದ್ದವರೂ ಕಾದರು, ಒಳಗಿದ್ದವರೂ ಕಾದರು.

ಮಾರ್ಚಿನ ಆ ಬೆಳಿಗ್ಗೆ ನಾನು ಫೋನ್ ಮಾಡಿದ್ದು ಅಪ್ಪನಿಗೆ. ತೀರ್ಥಹಳ್ಳಿಯ ಕಡೆ ಆಗ ರಾತ್ರಿ ಊಟದ ಹೊತ್ತು. ನನ್ನ ಅಳುವಿನ ನಡುವೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಟೀಚರ್ ಮಕ್ಕಳ ಜೊತೆಯಲ್ಲೇ ಇದ್ದಾರಲ್ಲವೇ?" ಇದ್ದಾರೆ ಎಂದೆ. "ಹಾಗಾದರೆ ಧೈರ್ಯ ತಂದುಕೋ" ಎಂದರು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಜುಲೈ ಮಳೆಗೆ ಹಳ್ಳ ತುಂಬಿದರೆ ಶಾಲೆ ಬಿಟ್ಟ ಮೇಲೆ ಕಾಲುಸಂಕದ ತುದಿಯಲ್ಲಿ ಹೋಗಿ ನಿಲ್ಲುತ್ತಿದ್ದರು. ಅಡಿಕೆ ಮರದ ಆ ಸಂಕದ ಮೇಲೆ ಒಂದೊಂದೇ ಮಗುವಿನ ಕೈಹಿಡಿದು ದಾಟಿಸಿ, ಕೊನೆಯ ಮಗು ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಕೊಡೆ ಹಿಡಿದು ಕಾಯುತ್ತಿದ್ದರು. ಮನೆಗೆ ಬಂದಾಗ ಕತ್ತಲಾಗಿರುತ್ತಿತ್ತು, ಅಮ್ಮ ಬೈಯುತ್ತಿದ್ದಳು. ಹರ ಮುನಿದರೂ ಗುರು ಕಾಯುವನು ಎಂಬ ಮಾತನ್ನು ನಾನು ಬಹುಕಾಲ ವಿದ್ಯೆಗೆ, ಜ್ಞಾನಕ್ಕೆ ಅನ್ವಯಿಸಿಕೊಂಡಿದ್ದೆ. ಅದಕ್ಕೆ ಹಳ್ಳದ ನೀರಿನಷ್ಟು ನೇರವಾದ ಅರ್ಥವೂ ಇದೆ ಎಂದು ಈಗ ಅನ್ನಿಸುತ್ತದೆ.

ಲಾಕ್‌ಡೌನ್ ಮುಗಿದ ವಾರ ಪರಿಚಯದವರೊಬ್ಬರು, "ಅದು ಅವರ ಕರ್ತವ್ಯ ತಾನೇ" ಎಂದರು. ನನಗೆ ತುಂಬ ನೋವಾಯಿತು. ಬೀಗ ಹಾಕುವುದು, ಎಣಿಸುವುದು, ಮಕ್ಕಳಿಗಿಂತ ಮೊದಲು ತಾನು ಓಡದಿರುವುದು ಕರ್ತವ್ಯ, ಒಪ್ಪುತ್ತೇನೆ. ಬಾಗಿಲಿಗೆ ಬೆನ್ನು ಕೊಡುವುದನ್ನು ಯಾವ ನೇಮಕಾತಿ ಪತ್ರದಲ್ಲಿ ಬರೆಯಲು ಸಾಧ್ಯ? ಶಿಕ್ಷಕಿ ತನಗೆ ತಾನೇ ಅದನ್ನು ಕರ್ತವ್ಯ ಎಂದು ಹೇಳಿಕೊಂಡರೆ ಆ ಪದಕ್ಕೆ ಘನತೆ ಬರುತ್ತದೆ. ನಾವು ಅವರಿಗೆ ಹೇಳಿದರೆ, ನಮ್ಮ ಪಾಲಿನ ಕೆಲಸವನ್ನು ಅವರ ಹೆಗಲಿಗೆ ದಾಟಿಸಿದಂತಾಗುತ್ತದೆ. 2023ರ ಜನವರಿಯಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಆರು ವರ್ಷದ ಬಾಲಕ ಅಮ್ಮನ ಬಂದೂಕನ್ನು ಶಾಲೆಗೆ ತಂದು ತನ್ನ ಶಿಕ್ಷಕಿಯ ಮೇಲೆಯೇ ಗುಂಡು ಹಾರಿಸಿದ. ಗುಂಡು ಕೈಯನ್ನು ಹಾದು ಎದೆಗೆ ತಗುಲಿದ್ದರೂ ಆಬಿಗೇಲ್ ಝ್ವರ್ನರ್ ಉಳಿದ ಮಕ್ಕಳನ್ನು ಮೊದಲು ಕೋಣೆಯಿಂದ ಹೊರಡಿಸಿದರು. ಆ ಬಂದೂಕಿಗೆ ಮನೆಯಲ್ಲಿ ಸರಿಯಾದ ಬೀಗ ಬಿದ್ದಿದ್ದರೆ ಅವರು ಅಂದು ಎಂದಿನಂತೆ ಪಾಠ ಮುಗಿಸಿ ಮನೆಗೆ ಹೋಗುತ್ತಿದ್ದರು. ಅದಕ್ಕೇ ಮಗಳು ಯಾರ ಮನೆಗೆ ಆಡಲು ಹೊರಟರೂ ನಾನೀಗ ಮುಂಚೆಯೇ ಕೇಳುತ್ತೇನೆ: ನಿಮ್ಮಲ್ಲಿ ಬಂದೂಕು ಇದೆಯೇ, ಬೀಗ ಹಾಕಿಟ್ಟಿದ್ದೀರಾ? ಮೊದಲು ಸಂಕೋಚವಾಗುತ್ತಿತ್ತು, ಈಗ ಇಲ್ಲ.

ಅಂದು ಕಚೇರಿಯಿಂದ ಓಡಿಬಂದು ನನ್ನ ಪಕ್ಕದಲ್ಲಿ ನಿಂತ ಕನ್ನಡ ಕೂಟದ ಗೆಳತಿಯರಿಗೆ, ಮರುದಿನದಿಂದ ಒಂದು ವಾರ ಸಾರು ಅನ್ನ ತಂದುಕೊಟ್ಟವರಿಗೆ ನಾನು ಋಣಿ. ಒಂದೊಂದು ಬಾಗಿಲನ್ನೂ ಎಳೆದು ನೋಡಿ ಬೀಗ ಖಚಿತಪಡಿಸಿಕೊಂಡು ಎಲ್ಲರಿಗಿಂತ ಕೊನೆಗೆ ತಾನು ಒಳಗೆ ಸೇರಿದ ಶಾಲೆಯ ಜಾಡಮಾಲಿ ಹಿರಿಯರಿಗೂ.

ಶಿಕ್ಷಕಿಯ ಬಗ್ಗೆ ಇನ್ನೊಂದು ವಿಷಯ ನನಗೆ ಗೊತ್ತಾದದ್ದು ಮೊನ್ನೆ ಸಮಾರಂಭದಲ್ಲಿ. ಅವರ ಮಗನೂ ಅದೇ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಾನೆ, ಕಾರಿಡಾರಿನ ಆಚೆ ತುದಿಯ ಕೋಣೆಯಲ್ಲಿ. ಆ ಒಂದು ಗಂಟೆ ನಲವತ್ತು ನಿಮಿಷ ಅವರು ನನ್ನ ಮಗಳ ಬಳಿ ಇದ್ದರು.

ಈ ಬರಹ ಅವರಿಗೆ ಓದಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ತಾನು ಬರೆದುಕೊಡುತ್ತೇನೆಂದು ಮಗಳು ನಿನ್ನೆಯಿಂದ ಕುಳಿತಿದ್ದಾಳೆ. "ಅಮ್ಮಾ, ಕಾದರು ಅಂದರೆ ಯಾವುದು ಹಾಕಲಿ? ನಮ್ಮನ್ನು ಉಳಿಸಿದರು ಅಂತಲೋ, ನಮ್ಮ ಜೊತೆ ಕುಳಿತೇ ಇದ್ದರು ಅಂತಲೋ?" ಎಂದು ಈಗಷ್ಟೇ ಕೇಳಿದಳು. ಎರಡನ್ನೂ ಹಾಕು ಎಂದಿದ್ದೇನೆ.